ಎಳೆಹೂಟೆ ನಿಂತಿಲ್ಲ

ಹರಳಯ್ಯ ಚಮ್ಮಾರ. ಮಧುವರಸ ಹಾರುವ. ಇಬ್ಬರೂ ಬಸವಣ್ಣನ ಜೊತೆಗಿದ್ದ ಶರಣರು. ಒಬ್ಬನ ಮಗ, ಇನ್ನೊಬ್ಬನ ಮಗಳು ಮದುವೆಯಾದರು. ಅಷ್ಟೇ ತಪ್ಪು. ಕಲ್ಯಾಣದ ದೊರೆ ಬಿಜ್ಜಳನ ಸರಕಾರ ಇಬ್ಬರು ಅಪ್ಪಂದಿರ ಕಣ್ಣು ಕೀಳಿಸಿತು, ಆನೆ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸಿತು. ಎಳೆಹೂಟೆ ಅಂತ ಅದಕ್ಕೊಂದು ಹೆಸರು!

ಆಮೇಲೆ ಶರಣ ಜಗದೇವ ಬಿಜ್ಜಳನನ್ನು ಇರಿದ ಎನ್ನುತ್ತವೆ ಶರಣರ ಕಥೆಗಳು. ಅದನ್ನು ಮುಚ್ಚಿಡುವುದಿಲ್ಲ. ಕಾಯಕದ ಕೈಗೆ ಕತ್ತಿ ಬಂದಿತ್ತು. ಆದರೆ ಬಿಜ್ಜಳನ ಮಗ ಸೋವಿದೇವನ ದಂಡು ಬೆನ್ನಟ್ಟಿದ್ದು ಯಾರನ್ನು? ಇರಿದವನೊಬ್ಬನನ್ನೇ? ಮಡಿವಾಳರನ್ನು, ಡೋಹರರನ್ನು, ಹೆಂಗಸರು ಮಕ್ಕಳನ್ನು, ವಚನದ ಕಟ್ಟು ಹೊತ್ತವರನ್ನು! ಚನ್ನಬಸವಣ್ಣ ಉಳವಿಯ ಕಾಡಿಗೆ ಹೊರಟ ದಾರಿ ನಮ್ಮ ಸೀಮೆಯದ್ದೇ. ಕಾದರವಳ್ಳಿಯಲ್ಲಿ ಕಾದಿದರು, ಡೋಹರ ಕಕ್ಕಯ್ಯ ಕಕ್ಕೇರಿಯಲ್ಲಿ ಬಿದ್ದ ಎಂದು ಜನ ಇಂದಿಗೂ ಹೇಳುತ್ತಾರೆ. ಓಲೆಗರಿ ಎಷ್ಟು ಬೆಂಕಿಗೆ ಬಿದ್ದವೋ, ಎಷ್ಟು ಹೊಳೆ ಪಾಲಾದವೋ!

ಅಳಿದುಳಿದದ್ದನ್ನು ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿ ಊರೂರು ಅಲೆದು ಕೂಡಿಹಾಕಿದರು. ಅಚ್ಚು ಹಾಕಲು ಮನೆ ಮಾರಿದರು. ಸರಕಾರವೇ ತಂದ 15 ವಚನ ಸಂಪುಟಗಳಿಗೆ ಎಂ.ಎಂ. ಕಲಬುರ್ಗಿ ಪ್ರಧಾನ ಸಂಪಾದಕರು. ಅವರಿಗೆ ಸಿಕ್ಕಿದ್ದೇನು? 2015ರ ಆಗಸ್ಟ್ 30ರ ಬೆಳಿಗ್ಗೆ, ಸ್ವಂತ ಮನೆಯಲ್ಲಿ, ಹಣೆಗೆ ಗುಂಡು. ಧಾರವಾಡದ ಆ ಬಡಾವಣೆಯ ಹೆಸರು ಕಲ್ಯಾಣನಗರ.

ಧರ್ಮದ ಹೆಸರಲ್ಲಿ ಗುಂಪು ಕಟ್ಟಿ ಪಿಸ್ತೂಲು ಹಿಡಿದವರ ಕೆಲಸ ಇದು ಎಂದು ವಿಶೇಷ ತನಿಖಾ ತಂಡ (ಎಸ್‌ಐಟಿ) ಆರೋಪಪಟ್ಟಿ ಹಾಕಿತು. ಯಾವಾಗ? 2019ರಲ್ಲಿ! ಅದೂ ಕಲಬುರ್ಗಿಯವರ ಪತ್ನಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಅಷ್ಟರಲ್ಲಿ ಪತ್ರಕರ್ತೆ ಗೌರಿ ಲಂಕೇಶರೂ ಹೆಣವಾಗಿದ್ದರು. ಅದೇ ಪಿಸ್ತೂಲು ಎಂದಿತು ವಿಧಿವಿಜ್ಞಾನ ವರದಿ. ಗೌರಿಯವರ ಸಾವಿಗೆ ಕೈಕಟ್ಟಿ ಕೂತ ಸರಕಾರ ಹೊಣೆಯಲ್ಲವೇ?

ಇಲ್ಲೇ ನಮ್ಮ ಹುಬ್ಬಳ್ಳಿಯ ನವನಗರದಲ್ಲೇ ಪೊಲೀಸ್ ಕಮಿಷನರ್ ಕಚೇರಿ ಇದೆ. ಕಾನೂನು ವಿಶ್ವವಿದ್ಯಾಲಯವೂ ಇದೆ. ಸೋವಿದೇವನ ದಂಡಿಗೆ ವಚನದ ಕಟ್ಟಿನ ಜಾಡು ಹಿಡಿಯಲು ಕಾಡೂ ಅಡ್ಡ ಬರಲಿಲ್ಲ. ಸರಕಾರದವರೇ, ನಿಮ್ಮ ದಂಡಿಗೆ ಕಲಬುರ್ಗಿಯವರನ್ನು ಕೊಂದು ಹಾಡಹಗಲಲ್ಲೇ ಹೋದವರ ಬೈಕಿನ ಜಾಡು ವರ್ಷಗಟ್ಟಲೆ ಸಿಗಲಿಲ್ಲ!

2024ರಲ್ಲಿ ಬಸವಣ್ಣನನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಿರಿ. ಕಚೇರಿಗಳಲ್ಲಿ ಪಟ ಹಾಕಿಸಿದಿರಿ. ಆ ಪಟದ ಕೆಳಗೇ ಕಡತಗಳು ಕೊಳೆಯುತ್ತವೆ. ನಾವಾದರೂ ಏನು ಮಾಡಿದೆವು? ಹಾರ ಹಾಕಿ ಮನೆಗೆ ಬಂದೆವು, ಮಗಳಿಗೆ ನಮ್ಮ ಜಾತಿಯ ಗಂಡನ್ನೇ ಹುಡುಕಿದೆವು. ಬಿಜ್ಜಳನ ಆನೆ ನಮ್ಮ ಹಿತ್ತಲಲ್ಲೇ ಮೇಯುತ್ತಿದೆ.

ಮುಂದಿನ ಬಸವ ಜಯಂತಿಗೆ ವೇದಿಕೆ ಹತ್ತುವ ಮಂತ್ರಿಯನ್ನು ಸುಮ್ಮನೆ ಇಳಿಯಲು ಬಿಡಬೇಡಿ. ಎದ್ದು ನಿಂತು ಕೇಳಿ: ಕಲಬುರ್ಗಿಯವರಿಗೆ ನ್ಯಾಯ ಎಲ್ಲಿ?