ಕಾಲ ನೋಡುವ ಕೈಗೆ ಎಷ್ಟು ಗಡಿಯಾರ?

ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಚಾಮರಾಜನಗರದ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಹಗಲು ಕಿರಿದಾಗಿದ್ದ ದಿನಗಳು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕೆಂದು ಹಿರಿಯರು ಅವಸರಪಡುತ್ತಿದ್ದರು. ನನ್ನ ಪಕ್ಕದಲ್ಲಿ ಗುಂಡ್ಲುಪೇಟೆಯ ವ್ಯಾಪಾರಸ್ಥ ಮನೆತನದ ತರುಣನೊಬ್ಬ ಕುಳಿತಿದ್ದ. ಅವನ ಮಣಿಕಟ್ಟಿನ ಮೇಲಿದ್ದ ಗಡಿಯಾರ ಹಪ್ಪಳದಷ್ಟು ಅಗಲವಾಗಿತ್ತು. ಅಂಗಿಯ ತೋಳು ಅದನ್ನು ಮುಚ್ಚಲಾರದೆ ಹಿಂದಕ್ಕೆ ಸರಿದಿತ್ತು. ಮುಖದಲ್ಲಿ ನಾಲ್ಕು ಚಿಕ್ಕ ವೃತ್ತಗಳು, ಹಲವು ಮುಳ್ಳುಗಳು, ಎಡಬದಿಯಲ್ಲಿ ಕೀಲಿ. ಇದು ತನ್ನ ಸಂಗ್ರಹದ ಇಪ್ಪತ್ತಮೂರನೆಯದೆಂದು ಅವನು ಸಂತೋಷದಿಂದ ಹೇಳಿದ.

ಎದುರಿನ ಎಲೆಯ ಮುಂದೆ ಕುಳಿತಿದ್ದ ವೃದ್ಧರೊಬ್ಬರು ಕೇಳಿದರು: "ಗಂಟೆ ಎಷ್ಟಾಯಿತಪ್ಪ?"

ತರುಣ ಕೈಯೆತ್ತಿ ನೋಡಿದ, ತಡವರಿಸಿದ, ಬಳಿಕ ಜೇಬಿನಿಂದ ಮೊಬೈಲ್ ತೆಗೆದ. "ಇದಕ್ಕಿನ್ನೂ ಟೈಮ್ ಇಟ್ಟಿಲ್ಲ ತಾತ. ಬೆಳಿಗ್ಗೆ ತಾನೆ ಪೆಟ್ಟಿಗೆಯಿಂದ ತೆಗೆದದ್ದು" ಎಂದ.

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಆ ನಗೆ ಮನೆ ತಲುಪುವವರೆಗೂ ಉಳಿಯಲಿಲ್ಲ.

ಆ ತರುಣ ದುಷ್ಟನಲ್ಲ. ಅವನಿಗೆ ಮದ್ಯವಿಲ್ಲ, ಜೂಜಿಲ್ಲ. ವ್ಯಾಪಾರದ ಲೆಕ್ಕ ಶುದ್ಧ. ಬಸದಿಯ ಕಾರ್ಯಗಳಿಗೆ ಕೇಳುವ ಮುನ್ನವೇ ಕೊಡುವವನು. ಆದುದರಿಂದಲೇ ಈ ವಿಷಯವನ್ನು ಎತ್ತಬೇಕಾಗಿದೆ. ಕೆಟ್ಟವರ ಪರಿಗ್ರಹವನ್ನು ಖಂಡಿಸಲು ಲೇಖನ ಬೇಕಿಲ್ಲ, ಅದನ್ನು ಊರೇ ಖಂಡಿಸುತ್ತದೆ. ಒಳ್ಳೆಯವರ ಪರಿಗ್ರಹವಾದರೋ 'ಹವ್ಯಾಸ' ಎಂಬ ಸೌಮ್ಯವಾದ ಹೆಸರಿನಲ್ಲಿ ಮನೆಯೊಳಗೆ ಬಂದು ನೆಲೆಸುತ್ತದೆ.

ಊಟವಾದ ಮೇಲೆ ಅವನು ನನ್ನೊಡನೆ ವಾದಿಸಿದ. ಹಣ ತನ್ನ ದುಡಿಮೆಯದು, ಇದರಲ್ಲಿ ಯಾರಿಗೂ ಹಿಂಸೆಯಿಲ್ಲ, ಇದು ಕಲಾಭಿರುಚಿ. ಈ ಮೂರು ಮಾತುಗಳನ್ನೂ ಗೌರವದಿಂದಲೇ ಪರಿಶೀಲಿಸೋಣ.

ಹಿಂಸೆಯ ಮಾತನ್ನೇ ಮೊದಲು ತೆಗೆದುಕೊಳ್ಳುವೆ. ಅವನ ಗಡಿಯಾರದ ಪಟ್ಟಿ ಚರ್ಮದ್ದು. ಬೆಲೆಬಾಳುವ ಗಡಿಯಾರಗಳ ಪಟ್ಟಿಗಳಿಗೆ ಕರುವಿನ ಚರ್ಮ, ಮೊಸಳೆಯ ಚರ್ಮ ಬಳಸುವುದು ಸಾಮಾನ್ಯ. ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟು, ಪರ್ಸುಗಳನ್ನು ಕಳಚಿಡುವ ನಾವು ಮಣಿಕಟ್ಟಿನ ಚರ್ಮವನ್ನು ಹೇಗೆ ಮರೆತೆವು? ಉಕ್ಕಿನ ಸರಪಳಿ, ಬಟ್ಟೆಯ ಪಟ್ಟಿ ಎಲ್ಲ ಪೇಟೆಗಳಲ್ಲಿಯೂ ದೊರೆಯುತ್ತವೆ. ಕರುವಿನ ಚರ್ಮವನ್ನು ಕಟ್ಟಿಕೊಂಡ ಕೈಯಲ್ಲೇ ಅರ್ಘ್ಯವನ್ನೆತ್ತುವುದು ಅಜ್ಞಾನದಿಂದ ನಡೆದಿದ್ದರೆ ಕ್ಷಮ್ಯ. ತಿಳಿದ ಮೇಲೆ ಅಲ್ಲ.

ಇನ್ನು ದುಡಿಮೆಯ ಹಣದ ಮಾತು. ಕಳ್ಳತನದ ಹಣದಿಂದ ಕೊಂಡರೆ ಅದು ಅಚೌರ್ಯ ವ್ರತಕ್ಕೆ ಭಂಗ. ಅಪರಿಗ್ರಹವು ಬೇರೆಯೇ ಆದ ವ್ರತ. ಹಣ ನ್ಯಾಯವಾದದ್ದೇ ಎಂಬ ಉತ್ತರ ಮೂರನೆಯ ವ್ರತದ ಪ್ರಶ್ನೆಗೆ ಸಲ್ಲುತ್ತದೆ, ಐದನೆಯದಕ್ಕೆ ಸಲ್ಲದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಬೆಲೆಯನ್ನಾಗಲಿ ಮೂಲವನ್ನಾಗಲಿ ಹೇಳಲಿಲ್ಲ, ಮೂರ್ಛೆಯನ್ನು ಹೇಳಿದರು. ವಸ್ತುವಿನ ಮೇಲೆ ಮನಸ್ಸು ಎಚ್ಚರ ತಪ್ಪಿ ಬೀಳುವುದೇ ಪರಿಗ್ರಹ.

ಶ್ರಾವಕನು ಗಡಿಯಾರವನ್ನೇ ಇಟ್ಟುಕೊಳ್ಳಬಾರದೆಂದು ಯಾರೂ ಹೇಳುವುದಿಲ್ಲ. ಗೃಹಸ್ಥನಿಗೆ ವಿಹಿತವಾದುದು ಪರಿಗ್ರಹದ ಪರಿಮಾಣ, ಪೂರ್ಣತ್ಯಾಗವಲ್ಲ. ನಮ್ಮ ಧರ್ಮಾಚರಣೆಗೆ ಕಾಲದ ಎಚ್ಚರ ಬೇಕೇ ಬೇಕು. ಸಾಮಾಯಿಕಕ್ಕೆ ಒಂದು ಮುಹೂರ್ತ, ಅಂದರೆ ಎರಡು ಗಳಿಗೆ, ಇಂದಿನ ಲೆಕ್ಕದಲ್ಲಿ 48 ನಿಮಿಷ. ಭೋಜನಕ್ಕೆ ಸೂರ್ಯಾಸ್ತದ ಗಡಿ. ಹಿಂದೆ ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, 24 ನಿಮಿಷ. ಊರಿಗೆಲ್ಲ ಒಂದು ಬಟ್ಟಲು ಸಾಕಾಗುತ್ತಿತ್ತು. ಇಪ್ಪತ್ತಮೂರು ಗಡಿಯಾರಗಳ ಒಡೆಯನಿಗೆ ಸೂರ್ಯಾಸ್ತಕ್ಕೆಷ್ಟು ಹೊತ್ತಿದೆಯೆಂದು ಹೇಳಲಾಗಲಿಲ್ಲ. ಉಪಕರಣವು ಆಭರಣವಾದಾಗ ಮೊದಲು ಸಾಯುವುದು ಉಪಯೋಗ.

ಗಾತ್ರದ ವಿಚಾರವೂ ಇಲ್ಲಿಯೇ ಬರುತ್ತದೆ. ದೊಡ್ಡ ಗಡಿಯಾರ ಹುಟ್ಟಿದ್ದು ಅಗತ್ಯದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವಿಮಾನಗಳ ನ್ಯಾವಿಗೇಟರುಗಳಿಗಾಗಿ 55 ಮಿಲಿಮೀಟರ್ ಅಗಲದ ಗಡಿಯಾರಗಳನ್ನು ಮಾಡಿದರು. ಕತ್ತಲೆಯಲ್ಲಿ, ದಪ್ಪ ಕೋಟಿನ ತೋಳಿನ ಮೇಲೆ ಕಟ್ಟಿಕೊಂಡು ದಿಕ್ಕು ದೂರಗಳನ್ನು ಲೆಕ್ಕ ಹಾಕಲು ಅವು ಬೇಕಾಗಿದ್ದವು. ಗುಂಡ್ಲುಪೇಟೆಯ ಅಂಗಡಿಯ ಗಲ್ಲಾದಲ್ಲಿ ಹಗಲು ಹೊತ್ತು ಕುಳಿತವನಿಗೆ ಅಂಥ ಯಾವ ಕತ್ತಲೆಯಿದೆ? ನಮ್ಮ ತಂದೆಯವರ ಪೀಳಿಗೆಗೆ ಅದಕ್ಕಿಂತ ಎಷ್ಟೋ ಚಿಕ್ಕದಾದ ಎಚ್‌ಎಂಟಿ 'ಜನತಾ' ಸಾಕಾಗಿತ್ತು. ಸಣ್ಣ ಗಡಿಯಾರವನ್ನು ನಾವು ನೋಡುತ್ತೇವೆ. ಅತಿ ದೊಡ್ಡ ಗಡಿಯಾರದ ಮೂಲಕ ನಮ್ಮನ್ನು ನೋಡಬೇಕೆಂದು ಇತರರನ್ನು ಕೇಳುತ್ತೇವೆ. ಅದರೊಳಗೆ ಓಡುವುದು ಮಾನಕಷಾಯದ ಮುಳ್ಳು.

ಮೂರನೆಯದು ಕಲಾಭಿರುಚಿ. ಇದು ಬಲವಾದ ವಾದವೆಂದು ಒಪ್ಪುತ್ತೇನೆ. ಒಂದು ಸುರುಳಿಯ ಬಿಗುವಿನಿಂದ ಹಲ್ಲುಚಕ್ರಗಳ ಸಾಲು ನಡೆದು, ದಿನವೆಲ್ಲ ತಪ್ಪದೆ ತಿರುಗುವುದು ಮನುಷ್ಯನ ಕೈಚಳಕದ ಶ್ರೇಷ್ಠ ನಿದರ್ಶನ. ನಮ್ಮ ಬೆಂಗಳೂರಿನಲ್ಲಿಯೇ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಆ ಹಳೆಯ ಗಡಿಯಾರಗಳನ್ನು ಯಾರಾದರೂ ರಕ್ಷಿಸಬೇಡವೇ ಎಂದು ಕೇಳಬಹುದು. ರಕ್ಷಿಸಲಿ. ಆದರೆ ರಕ್ಷಿಸುವವನು ಅವಕ್ಕೆ ಕೀಲಿ ಕೊಡುತ್ತಾನೆ, ದುರಸ್ತಿ ಮಾಡಿಸುತ್ತಾನೆ, ಶಾಲೆಯ ಮಕ್ಕಳಿಗೆ ಬಿಚ್ಚಿ ತೋರಿಸುತ್ತಾನೆ, ಕೊನೆಗೊಂದು ದಿನ ಸಾರ್ವಜನಿಕ ಸಂಗ್ರಹಾಲಯಕ್ಕೆ ಒಪ್ಪಿಸುತ್ತಾನೆ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಪ್ರತಿಯೊಂದೂ ಬೇರೆ ಬೇರೆ ಗಂಟೆಗೆ ನಿಂತಿರುವಾಗ ಅದನ್ನು ಸಂರಕ್ಷಣೆಯೆನ್ನುವುದು ಭಾಷೆಗೆ ಮಾಡುವ ಅನ್ಯಾಯ.

ನನ್ನ ಮುಖ್ಯ ಆಕ್ಷೇಪ ಇದು. ವ್ರತಕ್ಕೂ ಸಂಗ್ರಹಕ್ಕೂ ದಿಕ್ಕೇ ವಿರುದ್ಧ. ಪರಿಗ್ರಹ ಪರಿಮಾಣದಲ್ಲಿ ಸಂಖ್ಯೆ ಮೊದಲು, ವಸ್ತು ಅನಂತರ. ಸಂಗ್ರಹದಲ್ಲಿ ವಸ್ತು ಮೊದಲು, ಸಂಖ್ಯೆ ಎಂದಿಗೂ ಇಲ್ಲ. ಸಂಗ್ರಾಹಕನ ಮನಸ್ಸು ಕೈಯಲ್ಲಿರುವ ಇಪ್ಪತ್ತಮೂರನೆಯದರ ಮೇಲಿರುವುದಿಲ್ಲ, ಇಪ್ಪತ್ತನಾಲ್ಕನೆಯದರ ಮೇಲಿರುತ್ತದೆ. ಹೊಲಮನೆ, ಬೆಳ್ಳಿಬಂಗಾರ, ಧನಧಾನ್ಯಗಳಿಗೆ ನಮ್ಮ ಹಿರಿಯರು ಮಿತಿ ಹಾಕಿಕೊಂಡರು. ಇಂದು ಅನೇಕರು ಒಟ್ಟು ಹಣಕ್ಕೊಂದು ಮಿತಿ ಹೇಳಿ ನೆಮ್ಮದಿಯಿಂದಿದ್ದಾರೆ. ಆ ಮಿತಿಯನ್ನು ಆದಾಯ ಏರಿದಂತೆ ಏರಿಸುತ್ತಲೂ ಇದ್ದಾರೆ. ಹಿಗ್ಗುವ ಮಿತಿ ಮಿತಿಯಲ್ಲ.

ಗಡಿಯಾರಕ್ಕೆ ಈ ಮೂರ್ಛೆ ಎಷ್ಟು ಸುಲಭವಾಗಿ ಅಂಟುತ್ತದೆಂಬುದಕ್ಕೆ ಮಹಾತ್ಮ ಗಾಂಧಿಯವರ ಜೇಬುಗಡಿಯಾರವೇ ಸಾಕ್ಷಿ. ಶ್ರೀಮದ್ ರಾಜಚಂದ್ರರಿಂದ ಪ್ರಭಾವಿತರಾಗಿ ಅಪರಿಗ್ರಹವನ್ನು ಬಾಳಿನಲ್ಲಿ ತಂದ ಅವರು ಗಡಿಯಾರವನ್ನು ಮಾತ್ರ ಬಿಡಲಿಲ್ಲ, ಏಕೆಂದರೆ ಕಾಲವನ್ನು ವ್ಯರ್ಥ ಮಾಡುವುದು ಅವರಿಗೆ ಸಹಿಸದ ಸಂಗತಿ. 2009ರ ಮಾರ್ಚ್‌ನಲ್ಲಿ ಅದೇ ಗಡಿಯಾರ, ಅವರ ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳೊಂದಿಗೆ ನ್ಯೂಯಾರ್ಕಿನಲ್ಲಿ 18 ಲಕ್ಷ ಡಾಲರಿಗೆ ಹರಾಜಾಯಿತು. ಕೊಂಡವರು ಕರ್ನಾಟಕದ ಉದ್ಯಮಿ ವಿಜಯ್ ಮಲ್ಯ. ತ್ಯಾಗಿಯ ಉಪಕರಣವೂ ಹರಾಜಿನ ಕಟ್ಟೆ ಏರಿದ ಮೇಲೆ ವಸ್ತುವಿಗೆ ಸ್ವಂತ ಪಾವಿತ್ರ್ಯವೇನೂ ಇಲ್ಲವೆಂದಾಯಿತು. ಪಾವಿತ್ರ್ಯ ಹಿಡಿದ ಕೈಯಲ್ಲಿ ಮಾತ್ರ.

ಈಗ ಬಸದಿ ಟ್ರಸ್ಟುಗಳ ಮಾನ್ಯ ಪದಾಧಿಕಾರಿಗಳಿಗೆ ಒಂದು ಮಾತು. 2016ರಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ವಜ್ರಖಚಿತ ಹೂಬ್ಲೋ ಗಡಿಯಾರದ ಬಗ್ಗೆ ನಾಡಿನಲ್ಲೆಲ್ಲ ಚರ್ಚೆ ನಡೆಯಿತು. ಅದು ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಅವರು ಹೇಳಿದರು. ಮಾರ್ಚ್ ತಿಂಗಳಲ್ಲಿ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು, ಅದು ರಾಜ್ಯದ ಆಸ್ತಿಯಾಯಿತು. ಆ ರಾಜಕೀಯ ನಮಗೆ ಬೇಡ. ಅದರಿಂದ ಹೊರಟ ನೀತಿ ಬೇಕು. ಸಾರ್ವಜನಿಕ ಸ್ಥಾನದಲ್ಲಿರುವವನ ಕೈಗೆ ಬಂದ ಬೆಲೆಬಾಳುವ ಉಡುಗೊರೆ ಅವನದಲ್ಲ, ಸ್ಥಾನದ್ದು. ಲೌಕಿಕ ರಾಜ್ಯವೇ ಈ ಮಟ್ಟಕ್ಕೆ ಬಂದಿರುವಾಗ ಜಿನಾಲಯದ ಹಣವನ್ನು ನೋಡಿಕೊಳ್ಳುವ ಧರ್ಮದರ್ಶಿಯ ಮಟ್ಟ ಅದಕ್ಕಿಂತ ಕೆಳಗಿರಬಹುದೇ? ಜೀರ್ಣೋದ್ಧಾರದ ಗುತ್ತಿಗೆದಾರರು, ಸಾಮಗ್ರಿ ಒದಗಿಸುವವರು ಹಬ್ಬದ ನೆಪದಲ್ಲಿ ಕೊಡುವ ಕಾಣಿಕೆಗಳು ಯಾವ ಪುಸ್ತಕದಲ್ಲಿ ಜಮೆಯಾಗುತ್ತಿವೆ?

ಮೇಲ್ಪಂಕ್ತಿಗಾಗಿ ನಾವು ದೂರ ಹೋಗಬೇಕಾಗಿಲ್ಲ. ಅರಿಕುಠಾರವೆಂಬ ಹಳೆಯ ಹೆಸರಿದ್ದ ಚಾಮರಾಜನಗರದಲ್ಲಿ 1117ರಲ್ಲಿ ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ಅವನ ಶಾಸನ ಅವನ ಭಂಡಾರದ ಗಾತ್ರವನ್ನು ಹೊಗಳಿ ಸುಮ್ಮನಾಗುವುದಿಲ್ಲ. ವ್ಯಾಪಾರದಲ್ಲಿ ಮುರಿದವರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡ ಬೇಡನಾಯಕರಿಗೆ ಅವರು ಕಳೆದುಕೊಂಡುದನ್ನು ಮರಳಿ ಕೊಟ್ಟನೆಂದು ನೆನೆಯುತ್ತದೆ. ತರುಣನು ತನ್ನ ಹೊಸ ಗಡಿಯಾರಕ್ಕೆ ಹೇಳಿದ ಬೆಲೆಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ರೈತನೊಬ್ಬನಿಗೆ ಕೊಳವೆಬಾವಿ ಕೊರೆಸಬಹುದಿತ್ತು. ಒಂಬೈನೂರು ವರ್ಷಗಳ ಬಳಿಕ ನಮ್ಮನ್ನು ಕುರಿತು ಬರೆಯುವುದಾದರೆ ಯಾವ ಮಾತು ಕಲ್ಲಿನ ಮೇಲೆ ನಿಂತೀತು?

ಪರರಿಗೆ ಹೇಳುವ ಮುನ್ನ ನಾನೂ ಅಂದು ರಾತ್ರಿ ಕಪಾಟು ತೆರೆದೆ. ಸನ್ಮಾನಗಳಲ್ಲಿ ಬಂದವು, ಕೊಂಡವು, ಮರೆತವು ಸೇರಿ ಐದು ಕೈಗಡಿಯಾರಗಳು. ಮೂರು ನಿಂತಿದ್ದವು. ಎರಡಕ್ಕೆ ಚರ್ಮದ ಪಟ್ಟಿ. ಇಪ್ಪತ್ತಮೂರಕ್ಕೆ ನಕ್ಕವನು ಐದಕ್ಕೆ ತಲೆ ತಗ್ಗಿಸಿದೆ. ತಂದೆಯವರ ಎಚ್‌ಎಂಟಿಯೊಂದನ್ನು ಉಳಿಸಿಕೊಂಡು ಅದಕ್ಕೆ ಉಕ್ಕಿನ ಸರಪಳಿ ಹಾಕಿಸಿದೆ. ಉಳಿದವನ್ನು ದುರಸ್ತಿ ಮಾಡಿಸಿ, ಬಟ್ಟೆಯ ಪಟ್ಟಿ ಹಾಕಿಸಿ, ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳಿಗೆ ಕೊಟ್ಟೆ. ದೊಡ್ಡ ತ್ಯಾಗವೇನಲ್ಲ; ಆದರೆ ಕೊಡುವಾಗ ಒಂದರ ಬಗ್ಗೆ ಕೈ ಹಿಂಜರಿಯಿತು. ಆ ಹಿಂಜರಿಕೆಯಲ್ಲಿಯೇ ಮೂರ್ಛೆಯ ಅರ್ಥ ತಿಳಿಯಿತು.

ಆದುದರಿಂದ ಶ್ರಾವಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು. ಬರುವ ದಶಲಕ್ಷಣ ಪರ್ವದ ಆಕಿಂಚನ್ಯ ದಿನದಂದು ಮನೆಮಂದಿಯೆಲ್ಲ ಕುಳಿತು ಭೋಗೋಪಭೋಗದ ವಸ್ತುಗಳನ್ನು ಹಣದಲ್ಲಿ ಅಲ್ಲ, ಎಣಿಕೆಯಲ್ಲಿ ಬರೆಯಿರಿ: ಗಡಿಯಾರ ಇಷ್ಟು, ಸೀರೆ ಇಷ್ಟು, ಪಾದರಕ್ಷೆ ಇಷ್ಟು. ಹೊಸದೊಂದು ಒಳಬರುವುದಾದರೆ ಹಳೆಯದೊಂದು ಉಪಯೋಗವಾಗುವ ಸ್ಥಿತಿಯಲ್ಲಿ ಹೊರಹೋಗಲಿ. ಟ್ರಸ್ಟುಗಳು ಪದಾಧಿಕಾರಿಗಳಿಗೆ ಬರುವ ಉಡುಗೊರೆಗಳಿಗೊಂದು ದಾಖಲೆಪುಸ್ತಕ ಇಟ್ಟು, ವಾರ್ಷಿಕ ಸಭೆಯಲ್ಲಿ ಓದಿ ಹೇಳಲಿ.

ನಮ್ಮ ಆಗಮದ ಭಾಷೆಯಲ್ಲಿ 'ಸಮಯ' ಎಂದರೆ ಕಾಲದ ಅತ್ಯಂತ ಸೂಕ್ಷ್ಮವಾದ ಅಂಶ; 'ಸಮಯ' ಎಂದರೆ ಆತ್ಮವೂ ಹೌದು. ಎರಡರಲ್ಲಿ ಯಾವುದನ್ನೂ ಪೆಟ್ಟಿಗೆಯಲ್ಲಿ ಕೂಡಿಡಲಾಗದು. ಗುಂಡ್ಲುಪೇಟೆಯ ಆ ತರುಣನಿಗೂ ಈ ಸಂಚಿಕೆ ತಲುಪುತ್ತದೆ. ಅವನು ನನ್ನ ಮೇಲೆ ಮುನಿಯಲಿ, ಚಿಂತೆಯಿಲ್ಲ. ಮುಂದಿನ ಬಾರಿ ಊರಿನ ತಾತ ಗಂಟೆ ಕೇಳಿದಾಗ ಕೈ ನೋಡಿಯೇ ಉತ್ತರ ಹೇಳುವಂತಾಗಲಿ.