ಪೌರಾಡಳಿತದ ವಿಭಜನೆಯೂ ಮಿತವ್ಯಯವೂ

ಆಡಳಿತದ ಸ್ವರೂಪವನ್ನು ಮಾರ್ಪಡಿಸಿದೊಡನೆ ನಗರದ ವೆಚ್ಚವು ತಾನಾಗಿಯೇ ಇಳಿಯುವುದೆಂಬ ನಂಬಿಕೆಯು ಆಳುವವರನ್ನು ಬಹುಕಾಲದಿಂದ ಮೋಹಗೊಳಿಸುತ್ತ ಬಂದಿದೆ. ಬೆಂಗಳೂರಿನ ನಗರ ಮತ್ತು ದಂಡಿನ ಪೌರಸಭೆಗಳನ್ನು 1949ರಲ್ಲಿ ಕೂಡಿಸಿ ಒಂದೇ ಕಾರ್ಪೊರೇಷನ್ನನ್ನು ಮಾಡಲಾಯಿತು. 2007ರಲ್ಲಿ ಸುತ್ತಣ 7 ನಗರಸಭೆಗಳೂ ಹಲವು ಗ್ರಾಮಗಳೂ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನೇ 5 ಪಾಲಿಕೆಗಳಾಗಿ ಒಡೆದು, ಅವುಗಳ ಮೇಲೊಂದು ಪ್ರಾಧಿಕಾರವನ್ನಿರಿಸಲಾಯಿತು. ಕೂಡಿಸುವಾಗಲೂ ದಕ್ಷತೆಯ ಮಾತು, ಒಡೆಯುವಾಗಲೂ ದಕ್ಷತೆಯ ಮಾತು!

ಈ ಪ್ರಯೋಗದ ಫಲವನ್ನು ದೆಹಲಿಯು ಮೊದಲೇ ಉಂಡಿದೆ. ಅಲ್ಲಿನ ಕಾರ್ಪೊರೇಷನ್ನನ್ನು 2012ರಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂದು 3 ಪಾಲು ಮಾಡಿದರು. ಮೇಯರುಗಳು ಮೂವರಾದರು, ಕಮಿಷನರುಗಳು ಮೂವರಾದರು; ಬೊಕ್ಕಸದ ಹಣ ಮಾತ್ರ ಮೂರು ಮಡಿಯಾಗಲಿಲ್ಲ. ಸಿರಿವಂತ ಬಡಾವಣೆಗಳ ಕಂದಾಯವು ದಕ್ಷಿಣಕ್ಕೆ ಸಂದಿತು. ಪೂರ್ವದಲ್ಲಿ ಸಂಬಳ ಸಿಗದ ಪೌರಕಾರ್ಮಿಕರು ಮುಷ್ಕರ ಹೂಡಿ, ಕಸವು ಬೀದಿಬೀದಿಗಳಲ್ಲಿ ರಾಶಿಬಿದ್ದಿತು. ಕಡೆಗೆ 2022ರಲ್ಲಿ ಮೂರನ್ನೂ ಪುನಃ ಒಂದುಗೂಡಿಸಬೇಕಾಯಿತು. ಅಷ್ಟರಿಂದಲೂ ಎಲ್ಲವೂ ನೆಟ್ಟಗಾಗಲಿಲ್ಲ. ದೊಡ್ಡ ಗುತ್ತಿಗೆಗಳಿಗೆ ಮಂಜೂರಾತಿ ಕೊಡತಕ್ಕ ಸ್ಥಾಯೀ ಸಮಿತಿಯು, ಪಕ್ಷಗಳ ಕಲಹದಿಂದಾಗಿ, ಎರಡು ವರ್ಷಕ್ಕೂ ಮಿಗಿಲಾಗಿ ರಚನೆಯಾಗದೆ ಉಳಿಯಿತು.

ಒಟ್ಟು ಕುಟುಂಬವು ಹಿಸೆಯಾದರೆ ಒಲೆಗಳು ಹೆಚ್ಚುತ್ತವೆಯೇ ಹೊರತು ಕಣಜದ ಕಾಳು ಹೆಚ್ಚುವುದಿಲ್ಲ. ಚಿಕ್ಕ ಪಾಲಿಕೆಯು ಜನರಿಗೆ ಸಮೀಪವಾಗಿರುವುದೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಸೌಕರ್ಯದ ವಾದವೇ ವಿನಾ ಉಳಿತಾಯದ ವಾದವಲ್ಲ. ಸೌಕರ್ಯಕ್ಕೆ ಬೆಲೆಯುಂಟೆಂಬುದನ್ನು ತೆರಿಗೆದಾರನಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದೇ ನ್ಯಾಯ.

ನಮ್ಮ ದೃಷ್ಟಿಯಲ್ಲಿ ಹಣವನ್ನು ಉಳಿಸುವುದು ಗಡಿಗೆರೆಯಲ್ಲ, ಲೆಕ್ಕ ಕೇಳುವ ಸಭೆ. ಬೆಂಗಳೂರಿನ ಚುನಾಯಿತ ಸಭೆಯ ಅವಧಿಯು 2020ರ ಸೆಪ್ಟೆಂಬರಿನಲ್ಲಿ ತೀರಿತು. ಪಾಲಿಕೆಯು ಒಡೆಯುವ ದಿನದವರೆಗೂ ಮತ್ತೊಂದು ಸಭೆ ಕೂಡಲಿಲ್ಲ. ಐದು ವರ್ಷಕಾಲ ಜನರ ದುಡ್ಡನ್ನು ಜನಪ್ರತಿನಿಧಿಗಳ ಪ್ರಶ್ನೆಯಿಲ್ಲದೆಯೇ ವೆಚ್ಚಮಾಡಲಾಯಿತು. ಇದಕ್ಕಿಂತ ದುಬಾರಿಯಾದ ಆಡಳಿತಪದ್ಧತಿ ಬೇರೊಂದುಂಟೆ?

ಆದುದರಿಂದ ಸರಕಾರವು ಮೂರು ಕೆಲಸಗಳನ್ನು ಮಾಡತಕ್ಕದ್ದು. ವಿಭಜನೆಯ ಹಿಂದಣ ಮತ್ತು ಮುಂದಣ ಸಿಬ್ಬಂದಿ ವೆಚ್ಚವನ್ನು ಪ್ರತಿವರ್ಷವೂ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಲಿ. ಆದಾಯ ಕಡಮೆಯಿರುವ ಪಾಲಿಕೆಗೆ ಸಲ್ಲಬೇಕಾದ ನೆರವನ್ನು ಮಂತ್ರಿಗಳ ಮರ್ಜಿಗೆ ಬಿಡದೆ ನಿಯಮದಿಂದ ಗೊತ್ತುಪಡಿಸಲಿ. ಚುನಾವಣೆಯನ್ನು ಅವಧಿ ತಪ್ಪದಂತೆ ನಡೆಯಿಸಲಿ. ಇವು ನಡೆಯದಿದ್ದರೆ ಪಾಲಿಕೆ ಒಂದಾದರೇನು, ಐದಾದರೇನು? ಬೆಳಗಿನ ಜಾವ ಪೊರಕೆ ಹಿಡಿವವನ ಕೂಲಿಗೂ ಕಂದಾಯ ತೆರುವವನ ಗಂಟಿಗೂ ಸಂಚಕಾರ ತಪ್ಪದು.