ಹೊಗೆಪೆಟ್ಟಿಗೆಯೂ ಕಾಡಿನ ಪ್ರಶ್ನೆಯೇ

ಪರಿಸರದ ಪತ್ರಿಕೆಯಲ್ಲಿ ಮಾಂಸದ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸುವರೆಂಬುದನ್ನು ಬಲ್ಲೆ. ಬಲ್ಲೆನಾದ್ದರಿಂದಲೇ ಬರೆಯುತ್ತಿದ್ದೇನೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತ ದಿನದಿಂದ ಇಂದಿನವರೆಗೆ ನಮ್ಮ ಚಳವಳಿಯು ಸೊಪ್ಪಿನ ಬೆಟ್ಟದ ಬಗ್ಗೆ ಮಾತನಾಡಿದೆ, ಜೇನಿನ ಬಗ್ಗೆ, ಅಪ್ಪೆಮಿಡಿಯ ಬಗ್ಗೆ, ಅಣೆಕಟ್ಟುಗಳ ಬಗ್ಗೆ, ಅಡಕೆ ಬೇಯಿಸುವ ಒಲೆಯ ಬಗ್ಗೆ ಕೂಡ ಮಾತನಾಡಿದೆ. ಆದರೆ ಮಲೆನಾಡಿನ ಅಸಂಖ್ಯ ಮನೆಗಳಲ್ಲಿ ಒಲೆಯ ಮೇಲಣ ಅಟ್ಟದಿಂದ ತೂಗುತ್ತಿದ್ದ ಮಾಂಸದ ಎಳೆಗಳ ಬಗ್ಗೆ, ಮೀನಿನ ಸರಗಳ ಬಗ್ಗೆ ಸಭ್ಯವಾದ ಮೌನವನ್ನೇ ಪಾಲಿಸಿಕೊಂಡು ಬಂದಿದೆ. ದೀವರ, ಹಸಲರ, ಸಿದ್ದಿಯರ, ಒಕ್ಕಲಿಗರ, ಕೊಡವರ ಅಡುಗೆಮನೆಗಳು ಮಲೆನಾಡಿನ ಹೊರಗಿವೆಯೇ? ಅವುಗಳಲ್ಲಿ ಉರಿಯುವ ಸೌದೆ ಬೇರೆ ಕಾಡಿನಿಂದ ಬರುತ್ತದೆಯೇ?

ನಾನು ಹೇಳಹೊರಟಿರುವುದು ಒಂದು ಮರದ ಪೆಟ್ಟಿಗೆಯ ವಿಚಾರ: ಮನೆಯಿಂದಾಚೆ, ಹಿತ್ತಲ ಇಳಿಜಾರಿನಲ್ಲಿ ನಿಲ್ಲಿಸುವ, ಊರಿನ ಆಚಾರಿಯೇ ಮಾಡಬಲ್ಲ ಹೊಗೆಪೆಟ್ಟಿಗೆ. ಅದಕ್ಕೆ ಮೊದಲು ಅಟ್ಟದ ಮಾತು ಆಗಬೇಕು.

ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಏನನ್ನೂ ಒಣಗಿಸಲಾಗದು. ಆದುದರಿಂದ ನಮ್ಮ ಹಿರಿಯರು ಒಲೆಯ ಹೊಗೆಯನ್ನೇ ಬಿಸಿಲಾಗಿಸಿಕೊಂಡರು. ಬಿತ್ತನೆಬೀಜ, ಉಪ್ಪಾಗೆ ಸಿಪ್ಪೆ, ಬಿದಿರಿನ ಬುಟ್ಟಿ, ಮಾಂಸ, ಹೊಳೆಮೀನು ಎಲ್ಲವೂ ಅಟ್ಟದ ಪಾಲು. ಮಾಡಿನ ತೊಲೆ ಪಕಾಸಿಗಳಿಗೆ ಹುಳು ಹಿಡಿಯದಿದ್ದುದೂ ಆ ಮಸಿಯಿಂದಲೇ. ದೂರದ ನಾಗಾಲ್ಯಾಂಡಿನ ಬೆಟ್ಟಗಳಲ್ಲಿಯೂ ಒಲೆಯ ಮೇಲೆ ಹಂದಿಮಾಂಸವನ್ನು ಇದೇ ರೀತಿ ತೂಗಹಾಕುತ್ತಾರೆ. ಮಳೆಯ ನಾಡುಗಳ ಬುದ್ಧಿ ಒಂದೇ ದಾರಿಯಲ್ಲಿ ನಡೆದಿದೆ.

ಈ ಅಟ್ಟವನ್ನು ನೆನೆದು ಕಣ್ಣು ತುಂಬಿಕೊಳ್ಳುವ ಬರಹಗಳು ಇತ್ತೀಚೆಗೆ ಹೇರಳವಾಗಿವೆ. ನಗರದಲ್ಲಿ ಕುಳಿತು ಬರೆಯುವವರಿಗೆ ಹೊಗೆಯ ಪರಿಮಳ ಮಾತ್ರ ನೆನಪಿದೆ. ಹೊಗೆಯೊಳಗೆ ಕುಳಿತು ಊದುಕೊಳವೆಯನ್ನು ಊದಿದವರ ಕೆಮ್ಮು ನೆನಪಿಲ್ಲ. ನನ್ನ ಅಜ್ಜಿಯ ಕಣ್ಣುಗಳು ಐವತ್ತರ ಪ್ರಾಯಕ್ಕೇ ಸದಾ ನೀರಾಡುತ್ತಿದ್ದವು. ಮನೆಯೊಳಗಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನೆಯೊಳಗೆ ಸೌದೆಯುರಿಸಿದ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಸಂಪ್ರದಾಯದ ಹೆಸರಿನಲ್ಲಿ ಹೆಂಗಸರ ಶ್ವಾಸಕೋಶಗಳನ್ನು ಹೊಗೆಯ ಗೂಡಾಗಿಸುವುದನ್ನು ಯಾವ ಪರಿಸರ ಪ್ರೇಮವೂ ಸಮರ್ಥಿಸಲಾರದು.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದಿತು. ಹೊಗೆಯು ಕೊಳವೆಯ ಮೂಲಕ ಮಾಡಿನಿಂದಾಚೆ ಹೋಯಿತು, ಸೌದೆಯೂ ಉಳಿಯಿತು. 2016ರ ಉಜ್ವಲ ಯೋಜನೆಯಿಂದ ಅನಿಲದ ಸಿಲಿಂಡರು ಗುಡ್ಡದ ಮೇಲಿನ ಮನೆಗಳಿಗೂ ಏರಿತು. ಇವೆರಡನ್ನೂ ಸ್ವಾಗತಿಸಿದವರು ನಾವೇ. ಆದರೆ ಹೊಗೆ ಹೋದ ಮೇಲೆ ಅಟ್ಟದ ಕೆಲಸವನ್ನು ಯಾರು ಮಾಡಬೇಕೆಂದು ಯೋಜನೆ ರೂಪಿಸಿದವರು ಕೇಳಲಿಲ್ಲ, ನಾವೂ ಕೇಳಲಿಲ್ಲ. ಪರಿಣಾಮವನ್ನು ಯಾವ ಊರಿಗೆ ಹೋದರೂ ಕಾಣಬಹುದು. ಮುಂದಿನ ಅಡುಗೆಮನೆಯಲ್ಲಿ ಅನಿಲದ ಒಲೆ. ಹಿಂದಿನ ಕೊಟ್ಟಿಗೆಯಲ್ಲಿ ಮೂರು ಕಲ್ಲಿನ ಹಳೆಯ ಒಲೆ. ಏಕೆಂದು ಕೇಳಿದರೆ, "ಹೊಗೆ ಬೇಕಲ್ಲ" ಎಂಬ ಉತ್ತರ. ಒಂದೆರಡು ಕಿಲೋ ಮಾಂಸ ಒಣಗಲೆಂದು ಹಗಲಿರುಳು ಸೌದೆ ಉರಿಯುತ್ತಿರುತ್ತದೆ, ಅದೇ ಹೊಗೆಯಲ್ಲಿ ಅದೇ ಹೆಂಗಸು ಕುಳಿತಿರುತ್ತಾಳೆ. ಉಳ್ಳವರು ತಂಗಳುಪೆಟ್ಟಿಗೆ ಕೊಂಡರು. ಆಷಾಢದ ಗಾಳಿಗೆ ಮರ ಬಿದ್ದು ನಾಲ್ಕು ದಿನ ವಿದ್ಯುತ್ ಇಲ್ಲವಾದಾಗ ಅದರೊಳಗಿನದು ನಾಯಿಗೂ ಸಲ್ಲದಂತಾಯಿತು.

ಇದರ ನಡುವೆ ಹೊಸದೊಂದು ಶೋಕಿ ಬಂದಿದೆ. ಹೋಂಸ್ಟೇಗಳಲ್ಲಿಯೂ ರೆಸಾರ್ಟುಗಳಲ್ಲಿಯೂ "ಹಳ್ಳಿಯ ರುಚಿ" ಎಂಬ ಹಲಗೆಯ ಕೆಳಗೆ ಕಬ್ಬಿಣದ ಡ್ರಮ್ಮುಗಳಲ್ಲಿ ಹಂದಿಮಾಂಸಕ್ಕೆ ಹೊಗೆ ಕೊಡಲಾಗುತ್ತಿದೆ. ರುಚಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅಂಗಳದಲ್ಲಿ ಒಟ್ಟಿರುವ ಸೌದೆಯ ಬಗ್ಗೆ. ಅಂಥ ಒಂದು ಕಡೆ ನಾನು ಕಣ್ಣಾರೆ ಕಂಡ ರಾಶಿಯಲ್ಲಿ ಮತ್ತಿ ಇತ್ತು, ಹೊನ್ನೆ ಇತ್ತು, ನಂದಿಯೂ ಇತ್ತು. ಬೆಳೆಯಲು ಒಂದು ತಲೆಮಾರು ಬೇಕಾಗುವ ಮರ ಶನಿವಾರ ಭಾನುವಾರದ ಅತಿಥಿಗಳ ತಟ್ಟೆಗೆ ವಾಸನೆಯಾಗಿ ಹೋಗುತ್ತಿದೆ. ಬೇಲಿಗೆ ಒಂದು ಗೂಟ ಕಡಿದ ಕೂಲಿಯವನ ಮೇಲೆ ಮೊಕದ್ದಮೆ ಹೂಡುವ ವ್ಯವಸ್ಥೆಗೆ ಇಂಥ ರಾಶಿಗಳು ಕಾಣುವುದಿಲ್ಲವೆಂಬುದು ವಿಪರ್ಯಾಸ.

ಉಪ್ಪಾಗೆಯ ಕಥೆ ನಮಗೆ ಪಾಠವಾಗಬೇಕಿತ್ತು. ಅದರ ಸಿಪ್ಪೆಯಲ್ಲಿರುವ ಆಮ್ಲವು ಬೊಜ್ಜು ಕರಗಿಸುತ್ತದೆಂದು 1990ರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ನುಗ್ಗಿತು. ಹಣ್ಣು ಬಲಿಯುವುದು ಮಳೆಗಾಲದಲ್ಲಿ. ಒಣಗಿಸಲು ಬೆಂಕಿಯೇ ಗತಿ. ಹಣ್ಣಿಗಾಗಿ ಕೊಂಬೆಗಳನ್ನು ಕಡಿದರು, ಹಣ್ಣನ್ನು ಒಣಗಿಸಲು ಸುತ್ತಲ ಮರಗಳನ್ನು ಕಡಿದರು. ಕಡಿಮೆ ಸೌದೆಯ ಒಣಗಿಸುವ ಗೂಡುಗಳು ಬಂದದ್ದು ಕಾಡಿಗೆ ಪೆಟ್ಟು ಬಿದ್ದ ಮೇಲೆಯೇ. (ಕೊಡಗಿನವರು ಹಂದಿಮಾಂಸಕ್ಕೆ ಹಾಕುವ ಕಾಚಂಪುಳಿಯೂ ಇದೇ ಮರದ ಹಣ್ಣಿನದು. ನಮ್ಮ ರುಚಿಗಳೆಲ್ಲ ಎಷ್ಟು ಹತ್ತಿರದ ನಂಟರೆಂಬುದು ಇದರಿಂದ ತಿಳಿಯುತ್ತದೆ.) ಮಾಂಸದ ವಿಷಯದಲ್ಲಿಯಾದರೂ ಪೆಟ್ಟು ಬೀಳುವ ಮೊದಲೇ ಯೋಚಿಸೋಣ.

ಇನ್ನು ಪೆಟ್ಟಿಗೆ. ಇದರ ಇಡೀ ಗುಟ್ಟು ಬೆಂಕಿಯನ್ನು ಮಾಂಸದಿಂದ ದೂರವಿಡುವುದರಲ್ಲಿದೆ. ಹಿತ್ತಲಿನ ಇಳಿಜಾರಿನಲ್ಲಿ ಕೆಳಗೊಂದು ಸಣ್ಣ ಬೆಂಕಿಗುಂಡಿ, ಮೇಲೆ ಪೆಟ್ಟಿಗೆ, ನಡುವೆ ಸುಮಾರು ಐದು ಅಡಿ ಉದ್ದದ ಕಾಲುವೆ. ಕಾಲುವೆಯ ಎರಡೂ ಬದಿಗೆ ಜಂಬಿಟ್ಟಿಗೆ ಕಲ್ಲು ಜೋಡಿಸಿ, ಮೇಲೆ ಹಂಚು ಹೊದಿಸಿ, ಮಣ್ಣು ಮೆತ್ತಿದರಾಯಿತು. ಹೊಗೆಯು ತಾನೇ ಮೇಲೇರುತ್ತದೆ. ಬಯಲುಸೀಮೆಯವರು ಇದಕ್ಕಾಗಿ ಮಣ್ಣು ಎತ್ತರಿಸಬೇಕು; ನಮಗೆ ಗುಡ್ಡವೇ ಆ ಉಪಕಾರ ಮಾಡಿದೆ. ಪೆಟ್ಟಿಗೆ ಐದು ಅಡಿ ಎತ್ತರ, ಮೂರು ಅಡಿ ಅಗಲ, ಎರಡು ಅಡಿ ಆಳವಿದ್ದರೆ ನಾಲ್ಕೈದು ಮನೆಗಳಿಗೆ ಸಾಕು. ಒಂದು ಅಂಗುಲ ದಪ್ಪದ ಹಲಗೆಗಳನ್ನು ಸಂದಿಲ್ಲದಂತೆ ಕೂಡಿಸಿ, ಮುಂದೆ ಬಾಗಿಲು, ಮೇಲೆ ಇಳಿಜಾರು ಮಾಡಿ ಮಂಗಳೂರು ಹಂಚು, ಮಾಡಿನ ಅಡಿಯಲ್ಲಿ ತೆರೆದು ಮುಚ್ಚಬಹುದಾದ ಒಂದು ಕಿಂಡಿ. ಕಾಲುವೆಯು ಪೆಟ್ಟಿಗೆಯನ್ನು ಸೇರುವಲ್ಲಿ ಕಿಡಿ ಹಾರದಂತೆ ಕಬ್ಬಿಣದ ಬಲೆ. ಒಳಗೆ ಅಡ್ಡಲಾಗಿ ಬಿದಿರಿನ ಗಳುಗಳು. ಸತು ಲೇಪಿಸಿದ ತಂತಿಯನ್ನು ಮಾಂಸ ತೂಗಹಾಕಲು ಬಳಸಬಾರದು. ಹುಲ್ಲಿನ ಬಣವೆಯಿಂದಲೂ ಕೊಟ್ಟಿಗೆಯಿಂದಲೂ ಮೂವತ್ತು ಅಡಿ ದೂರವಿರಲಿ.

ಹಲಗೆ ಯಾವುದು? ಅಕೇಶಿಯಾ ಎಂಬುದು ನನ್ನ ಉತ್ತರ. ನಮ್ಮ ಗೋಮಾಳಗಳನ್ನೂ ಬೋಳುಗುಡ್ಡಗಳನ್ನೂ ನುಂಗಿದ ಆ ಮರ ಈಗ ಸಾಮಿಲ್ಲುಗಳಲ್ಲಿ ಬೇಕಾದಷ್ಟು ದೊರೆಯುತ್ತದೆ. ಅದನ್ನು ಬೆಳೆಸಿದ್ದು ತಪ್ಪು. ಬೆಳೆದು ನಿಂತದ್ದನ್ನು ಬಳಸಿ, ಕಾಡುಮರವನ್ನು ಬಿಡುವುದು ತಪ್ಪಲ್ಲ. ಒಳಮೈಗೆ ಬಣ್ಣ, ವಾರ್ನಿಷ್, ಗೆದ್ದಲಿನ ಔಷಧಿ ಯಾವುದೂ ಕೂಡದು. ಪ್ಲೈವುಡ್ ಅಂತೂ ಬೇಡವೇ ಬೇಡ. ನನ್ನ ಮೊದಲನೆಯ ಪೆಟ್ಟಿಗೆಯನ್ನು ಜಿಪುಣತನದಿಂದ ಹಳೆಯ ಪ್ಯಾಕಿಂಗ್ ಹಲಗೆಗಳಲ್ಲಿ ಮಾಡಿದ್ದೆ. ಶಾಖ ತಗುಲಿದೊಡನೆ ಅಂಟಿನ ಘಾಟು ಎದ್ದು, ಮಾಂಸವನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ವಿಸರ್ಜಿಸಬೇಕಾಯಿತು.

ಹೊಗೆಯು ಮಾಂಸವನ್ನು ಕಾಯುವುದು ಹೇಗೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮರವು ಉರಿಯದೆ ಕನಲಿದಾಗ ಅದರ ಲಿಗ್ನಿನ್ನಿನಿಂದ ಫೀನಾಲುಗಳೂ, ಉಳಿದ ಭಾಗಗಳಿಂದ ಅಸಿಟಿಕ್ ಆಮ್ಲವೇ ಮೊದಲಾದುವೂ ಹುಟ್ಟುತ್ತವೆ. ಫೀನಾಲು ಕೊಬ್ಬು ಕನರದಂತೆ ತಡೆಯುತ್ತದೆ. ಆಮ್ಲಗಳು ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತವೆ. ಆದರೆ ಇದೆಲ್ಲ ಮೇಲ್ಮೈಯ ಕಾವಲು ಮಾತ್ರ. ಒಳಗಿನ ಕಾವಲು ಉಪ್ಪಿನದು ಮತ್ತು ಒಣಗುವಿಕೆಯದು. ಕೊಬ್ಬಿಲ್ಲದ ಮಾಂಸದಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ ಇರುತ್ತದೆ; ಆ ನೀರು ಹೋಗದೆ ಎಷ್ಟು ಹೊಗೆ ಹಾಕಿದರೂ ಅದು ಕೊಳೆಯುತ್ತದೆ. ಆದುದರಿಂದ ಕೊಬ್ಬನ್ನು ಬಿಡಿಸಿ, ಬೆರಳು ದಪ್ಪದ ಎಳೆಗಳಾಗಿ ಸೀಳಿ, ಕಿಲೋಗೆ 30 ಗ್ರಾಂ ಉಪ್ಪು, ಅರಿಸಿನ, ಕಾಳುಮೆಣಸು ಹಚ್ಚಿ, ಒಳಗಿನವರೆಗೆ ಬೇಯುವಂತೆ ಕುದಿಸಿ, ನೀರು ಬಸಿದ ಮೇಲೆಯೇ ತೂಗಹಾಕಿ. ಹಂದಿಮಾಂಸದಲ್ಲಿ ಲಾಡಿಹುಳುವಿನ ಭಯವಿರುವುದರಿಂದ ಈ ಕುದಿಯನ್ನು ತಪ್ಪಿಸಬೇಡಿ. ಪೆಟ್ಟಿಗೆಯೊಳಗೆ ಶಾಖ 60 ಡಿಗ್ರಿಯ ಆಸುಪಾಸಿನಲ್ಲಿರಲಿ; ಪೇಟೆಯಲ್ಲಿ ದೊರೆಯುವ ಸಣ್ಣ ಉಷ್ಣಮಾಪಕವೊಂದನ್ನು ಬಾಗಿಲಿಗೆ ಸಿಕ್ಕಿಸಬಹುದು. ಒಂದು ಕಿಲೋ ಮಾಂಸವು 400 ಗ್ರಾಮಿಗೆ ಇಳಿದು, ಬಗ್ಗಿಸಿದರೆ ಎಳೆಯೆಳೆಯಾಗಿ ಸೀಳುವಂತಾದರೆ ಸರಿಯಾಗಿ ಒಣಗಿದೆ ಎಂದರ್ಥ. ಅರೆ ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟರೆ ಬಾಟುಲಿಸಂ ತರುವ ಪ್ರಾಣಾಂತಿಕ ವಿಷ ಹುಟ್ಟಬಲ್ಲದು.

ಹೊಗೆಯ ಸೌದೆಯೇ ನನ್ನ ವಾದದ ತಿರುಳು. ಈ ಪೆಟ್ಟಿಗೆಗೆ ದಿಮ್ಮಿ ಬೇಕಿಲ್ಲ. ಕಾಫಿ ಗಿಡ ಸವರಿದಾಗ ಬೀಳುವ ಕೊಂಬೆ, ಪೇರಳೆಯ ಕಡ್ಡಿ, ಹಲಸು ಮಾವುಗಳ ಒಣ ರೆಂಬೆ, ತೆಂಗಿನ ಚಿಪ್ಪು, ಇಷ್ಟೇ ಸಾಕು. ತೋಟದಲ್ಲಿ ಬಿದ್ದದ್ದು ತೋಟದವರಿಗೆ. ಕಾಡಿನಿಂದ ಒಂದು ಕಡ್ಡಿಯೂ ಬರಕೂಡದೆಂಬ ಕಟ್ಟಳೆಯನ್ನು ಪೆಟ್ಟಿಗೆಯ ಜೊತೆಗೇ ಊರು ಮಾಡಿಕೊಳ್ಳಬೇಕು. ಹಾಲು ಸುರಿದರೆ ಮೈ ಬೊಬ್ಬೆಯೇಳುವ ಹೊಲಗೇರು, ವಿಷದ ಕಾಸರಕ, ಅಂಟುಸುರಿಯುವ ಮರಗಳು, ಬಣ್ಣ ಬಳಿದ ಹಳೆಯ ಕಿಟಕಿ ಚೌಕಟ್ಟು ಇವೆಲ್ಲ ನಿಷಿದ್ಧ. ಸೌದೆ ಚೆನ್ನಾಗಿ ಒಣಗಿರಬೇಕು. ಕಿಂಡಿಯಿಂದ ತೆಳ್ಳನೆಯ ನೀಲಿ ಹೊಗೆ ಬಂದರೆ ಸರಿ. ದಟ್ಟ ಬಿಳಿಯ ಹೊಗೆ ಬಂದರೆ ಮಾಂಸ ಕಹಿಯಾಗುತ್ತದೆ, ಮಸಿ ಕೂರುತ್ತದೆ. ಬೆಂಕಿ ದೂರದಲ್ಲಿರುವುದರಿಂದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕುವುದಿಲ್ಲ. ಹಾಗೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿಯೇ ಬೆಂಜೊಪೈರೀನಿನಂಥ ಕೇಡಿನ ರಾಸಾಯನಿಕಗಳು ಹೆಚ್ಚು.

ಹಾಗೆಂದು ಹೊಗೆಮಾಂಸವನ್ನು ಅಮೃತವೆಂದು ಹೊಗಳುವವನು ನಾನಲ್ಲ. 2015ರಲ್ಲಿ ಮೇಲೆ ಹೇಳಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಉಪ್ಪು, ಹೊಗೆಗಳಿಂದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದು ಸಾರಿತು. ನಮ್ಮ ಹಿರಿಯರು ಇದನ್ನು ದಿನನಿತ್ಯ ಉಂಡವರಲ್ಲ. ಕಕ್ಕಡದ ಮಳೆಯಲ್ಲಿ, ನೆಂಟರು ಬಂದಾಗ, ಗಂಜಿಯ ಜೊತೆಗೆ ಎರಡು ಚೂರು. ಆ ಅಳತೆಯನ್ನು ಬಿಟ್ಟು ರುಚಿಯನ್ನು ಮಾತ್ರ ಎತ್ತಿಕೊಂಡು ಹೋದದ್ದು ಹೋಂಸ್ಟೇಗಳ ಕೆಲಸ.

ಇನ್ನೊಂದು ಆಕ್ಷೇಪವನ್ನು ಗೆಳೆಯರು ಎದುರಿಗೇ ಎತ್ತಿದ್ದಾರೆ: ಊರಿಗೊಂದು ಹೊಗೆಪೆಟ್ಟಿಗೆ ಎಂದರೆ ಬೇಟೆಗೆ ಕೊಟ್ಟ ಪರವಾನಗಿಯಲ್ಲವೇ? ಕಾಡುಹಂದಿಯ ಮಾಂಸವೇ ಅಟ್ಟದ ಮುಖ್ಯ ಅತಿಥಿಯಾಗಿತ್ತೆಂಬುದನ್ನು ನಾನು ಮರೆಮಾಚುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಅದು ಅಪರಾಧ. ಕಾಯ್ದೆಯಿಲ್ಲದಿದ್ದರೂ ಇಂದಿನ ತುಂಡು ತುಂಡಾದ ಕಾಡಿನಲ್ಲಿ ಅದು ಅನ್ಯಾಯವೇ. ಆದರೆ ಬೇಟೆಯ ಮಾಂಸಕ್ಕೆ ಕತ್ತಲೆಯ ಅಟ್ಟ ಬೇಕು. ನಾಲ್ಕು ಮನೆಗಳ ನಡುವೆ, ದಾರಿಹೋಕರ ಕಣ್ಣೆದುರು, ಸರದಿಯ ಪ್ರಕಾರ ನಡೆಯುವ ಪೆಟ್ಟಿಗೆಯಲ್ಲಿ ಏನು ತೂಗುತ್ತಿದೆಯೆಂದು ಇಡೀ ಊರಿಗೆ ತಿಳಿದಿರುತ್ತದೆ. ಸಾಕಿದ ಹಂದಿ, ಕೋಳಿ, ಪೇಟೆಯಿಂದ ತಂದ ಸಮುದ್ರಮೀನು ಇವಕ್ಕೆ ಮಾತ್ರ ಜಾಗವೆಂದು ಮೊದಲ ದಿನವೇ ಹೇಳಿಬಿಡಬೇಕು. ಹೇಳುವ ಧೈರ್ಯ ನಮಗಿಲ್ಲದಿದ್ದರೆ ತಪ್ಪು ಪೆಟ್ಟಿಗೆಯದಲ್ಲ.

ಕಾವಲಿಗೆ ಯಾರು ಕೂರಬೇಕೆಂಬ ಪ್ರಶ್ನೆಯೂ ಉಂಟು. ಬೆಂಕಿಗೆ ಎರಡು ಗಂಟೆಗೊಮ್ಮೆ ಹಿಡಿ ಕಡ್ಡಿ ಹಾಕಬೇಕು, ಎರಡು ದಿನ. ಪೆಟ್ಟಿಗೆ ಹೊರಗೆ ಬಂದಿತೆಂದು ಆ ಕೆಲಸವನ್ನೂ ಹೆಂಗಸರ ತಲೆಗೇ ಕಟ್ಟುವುದಾದರೆ ಅಟ್ಟವೇ ಇರಬಹುದಿತ್ತು. ಸರದಿಯ ಪಟ್ಟಿಯಲ್ಲಿ ಗಂಡಸರ ಹೆಸರುಗಳಿರಲಿ.

ಬೇಸಿಗೆಯ ಒಣಗಾಳಿಯಲ್ಲಿ ಕಾಡಂಚಿನ ಹಿತ್ತಲುಗಳಲ್ಲಿ ಇದನ್ನು ಹೊತ್ತಿಸಬೇಡಿ. ಪಕ್ಕದಲ್ಲಿ ಸದಾ ಎರಡು ಕೊಡ ನೀರಿರಲಿ. ಕಾಫಿ ಕೊಯಿಲು ಮುಗಿದು ಗಿಡ ಸವರುವಾಗಲೇ ಕಡ್ಡಿಗಳನ್ನು ಕಟ್ಟು ಕಟ್ಟಿ ಸೂರಿನಡಿ ಒಟ್ಟಿಕೊಂಡರೆ ಆಷಾಢದ ಹೊತ್ತಿಗೆ ಹದವಾಗಿ ಒಣಗಿರುತ್ತವೆ. ಒಂದು ಪೆಟ್ಟಿಗೆಗೆ ನಮ್ಮ ಕಡೆ ಆಚಾರಿಗೆ ಮೂರು ದಿನದ ಕೆಲಸ.